ಯಶೋದ ಅಲೆ ಹುಡುಕಿದ ಬೇಸಿಗೆ

ಕಳೆದ ತಿಂಗಳು ನಮ್ಮ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಫೈಬರ್ ಕೆಲಸ ಶುರುವಾಯಿತು. ಲಾರಿಯ ಕ್ಯಾಬಿನ್ನಿಗೆ ಕೂರಿಸುವ ಯಾವುದೋ ಮುಚ್ಚಳ ಮಾಡುತ್ತಾರಂತೆ. ನನಗೂ ಆ ವಿಭಾಗಕ್ಕೂ ಸಂಬಂಧವಿಲ್ಲ. ನನ್ನದು ಕಂಪ್ರೆಸರ್, ಚಿಲ್ಲರ್‌ಗಳ ರಿಪೇರಿ ಕೆಲಸ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೊರಗೆ ಬಂದಾಗ ಗಾಳಿ ಆ ಕಡೆಯಿಂದ ಬೀಸಿತು. ಫೈಬರಿಗೆ ಬಳಿಯುವ ಅಂಟಿನ, ರೆಸಿನ್ನಿನ ವಾಸನೆ. ಮೂಗಿನೊಳಗೆ ಚುಚ್ಚುವ, ಸ್ವಲ್ಪ ಸಿಹಿ, ಸ್ವಲ್ಪ ಸೀಮೆಎಣ್ಣೆಯಂಥ ವಾಸನೆ. ಜೊತೆಯವರು ಮೂಗು ಮುಚ್ಚಿಕೊಂಡು ಕ್ಯಾಂಟೀನಿನ ಕಡೆ ನಡೆದರು. ನಾನು ಅಲ್ಲೇ ನಿಂತುಬಿಟ್ಟೆ. ಒಂಬತ್ತು ವರ್ಷಗಳ ಹಿಂದೆ, ಹೊಸೂರಿನಿಂದ ಸಾವಿರ ಮೈಲಿ ದೂರದ ಒಂದು ದ್ವೀಪದಲ್ಲಿ, ಒಬ್ಬ ಮನುಷ್ಯ ಒಡೆದ ಹಲಗೆಯೊಂದಕ್ಕೆ ಇದೇ ರೆಸಿನ್ ಬಳಿದು ಸರಿಮಾಡಿ ನನ್ನ ಹೆಂಡತಿಯ ಕೈಗೆ ಕೊಟ್ಟಿದ್ದ. ಆ ಮನುಷ್ಯನಿಗೆ ನಾನೊಂದು ಸುಳ್ಳು ಹೇಳಿದ್ದೆ.

ಆಗ ನಮಗೆ ಮದುವೆಯಾಗಿ ಒಂದು ವರ್ಷ. ಯಶೋದ ನನ್ನ ಸೋದರತ್ತೆಯ ಮಗಳು. ನಮ್ಮ ಮನೆ ಅವಲಪಲ್ಲಿಯಲ್ಲಿ, ಅವಳದು ಮತ್ತಿಗಿರಿಯಿಂದ ಒಳಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಚಿಕ್ಕಂದಿನಿಂದ ಅವಳಿಗೆ ನಾನು ಬಾವ. ಮದುವೆಯಾದ ಮೇಲೂ ಬಾವನೇ, ಏಕವಚನದಲ್ಲೇ ಮಾತು. ಅವರ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಕತ್ತಾಳೆ ದಿಂಡು ಕಟ್ಟಿಕೊಂಡು ಅವಳು ಆರನೇ ವರ್ಷಕ್ಕೇ ಈಜು ಕಲಿತವಳು. ಹತ್ತನೇ ವರ್ಷಕ್ಕೆ ಪಂಪಿನ ಕಟ್ಟೆಯಿಂದ ಧುಮುಕುತ್ತಿದ್ದಳು. ರಜೆಯಲ್ಲಿ ಅತ್ತೆಯ ಮನೆಗೆ ಹೋದಾಗ ನಾನು ಮೆಟ್ಟಿಲ ಮೇಲೆ ಕೂತು ಅವರೆಲ್ಲರ ಬಟ್ಟೆ ಕಾಯುತ್ತಿದ್ದೆ. ನನಗೆ ಈಜು ಬರುವುದಿಲ್ಲ. ಅಮ್ಮ ನನ್ನನ್ನು ನೀರಿನ ಹತ್ತಿರಕ್ಕೇ ಬಿಟ್ಟಿರಲಿಲ್ಲ; ಆಮೇಲೆ ಅಮ್ಮ ಬಿಟ್ಟರೂ ನಾನೇ ಹೋಗಲಿಲ್ಲ.

ನಮ್ಮ ಕಂಟ್ರಾಕ್ಟರಿಗೆ ಲಿಟಲ್ ಅಂಡಮಾನಿನಲ್ಲಿ ಮೀನಿಡುವ ಶೀತಲ ಕೋಣೆ ಕಟ್ಟುವ ಕೆಲಸ ಸಿಕ್ಕಿತು. ಜನವರಿಯಿಂದ ಮೇವರೆಗೆ, ಐದು ತಿಂಗಳು. ಎಂಟು ಜನ ಹೊರಟೆವು. ಇರಲು ಮನೆ ಕೊಡುತ್ತಾರೆ ಎಂದು ಕೇಳಿದ್ದೇ ತಡ, ಯಶೋದ ಪೆಟ್ಟಿಗೆ ಕಟ್ಟಿದಳು. "ಐದು ತಿಂಗ್ಳು ಇಲ್ಲಿ ಕುಂತ್ಕಂಡು ಏನ್ ಮಾಡ್ಲಿ? ನಾನೂ ಬತ್ತೀನಿ" ಎಂದಳು. ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅವ್ಳುನ್ನ ನೀರ್ ತಾವ ಬುಡ್ಬ್ಯಾಡ ಕಣ್ಲಾ. ಅವ್ಳು ಬಾವಿ ಅಂದ್ಕಂಡು ಸಮುದ್ರಕ್ಕೆ ಬಿದ್ದಾಳು" ಎಂದಳು. ನಾವು ನಕ್ಕೆವು.

ಪೋರ್ಟ್ ಬ್ಲೇರಿನಿಂದ ಒಂದು ಹಗಲು ಹಡಗು. ಇಳಿದಾಗ ಕಂಡದ್ದು ಒಂದು ಜೆಟ್ಟಿ, ಒಂದು ಸಣ್ಣ ಬಜಾರು, ಮತ್ತೆ ದ್ವೀಪದ ಒಂದು ಅಂಚಿಗೆ ಹೊಂದಿಕೊಂಡು ಬಡಗಲಿಗೆ ಹೋಗುವ ಒಂದೇ ಒಂದು ರಸ್ತೆ. ಅಲ್ಲಿ ಊರುಗಳಿಗೆ ಹೆಸರಿದ್ದರೂ ಜನ ಹೇಳುವುದು ಕಿಲೋಮೀಟರಿನಲ್ಲೇ. ಹನ್ನೊಂದರಲ್ಲಿ ಸಂತೆ, ಹದಿನಾರರಲ್ಲಿ ಆಸ್ಪತ್ರೆ ಅನ್ನುತ್ತಾರೆ. ರಸ್ತೆಯ ಒಂದು ಬದಿ ತೆಂಗು, ಅಡಿಕೆ, ಎಣ್ಣೆ ತಾಳೆ. ಅದರ ಹಿಂದೆ ಕಾಡು. ಇನ್ನೊಂದು ಬದಿ ಸಮುದ್ರ. ಬಂಗಾಳಿಗಳು, ತಮಿಳರು, ತೆಲುಗರು, ನಿಕೋಬಾರಿನವರು, ರಾಂಚಿ ಕಡೆಯವರು, ಎಲ್ಲರೂ ಇದ್ದರು. ಕನ್ನಡದವರು ನಮ್ಮ ತಂಡದವರು ಮಾತ್ರ. ಹೊಸೂರು ತಮಿಳುನಾಡಿಗೆ ಸೇರಿದ್ದು, ತಮಿಳು ನಮಗೆ ಶಾಲೆಯಿಂದ ಬಂದದ್ದು, ಅದೇ ಸಾಕಾಯಿತು.

ಫೆಬ್ರವರಿಯ ಒಂದು ಸಂಜೆ ಕೆಲಸ ಮುಗಿಸಿ ಜೆಟ್ಟಿಯ ಆಚೆ ಕಲ್ಲುಕಟ್ಟೆಯ ಮೇಲೆ ಕೂತಿದ್ದೆವು. ಸಮುದ್ರದಲ್ಲಿ ಒಬ್ಬ ಮನುಷ್ಯ ಎದ್ದು ನಿಂತ. ನಿಂತವನು ಹಾಗೇ ಜಾರಿಕೊಂಡು ದಡದ ಕಡೆ ಬಂದ.

"ಬಾವ, ಅವ್ನು ನೀರ್ ಮ್ಯಾಲೆ ನಿಂತವ್ನೆ ನೋಡು."

"ಕೆಳಗೆ ಹಲಗೆ ಐತೆ ಕಣೆ."

"ಹಲಗೆ ಇದ್ರೂ ನಿಂತವ್ನಲ್ಲ."

ಅವನೇ ಅಂತೋಣಿ. ಐವತ್ತು ದಾಟಿದ್ದ, ತಮಿಳುನಾಡಿನ ಕಡಲ ತೀರದ ಮೀನುಗಾರ. ಜೆಟ್ಟಿಯ ಪಕ್ಕದ ಗುಡಿಸಲಿನಲ್ಲಿ ದೋಣಿಗಳಿಗೆ ಫೈಬರ್ ಹಾಕಿ ರಿಪೇರಿ ಮಾಡುತ್ತಿದ್ದ. ಯಾವನೋ ವಿದೇಶದವನು ಬಿಟ್ಟುಹೋದ ಎರಡು ಅಲೆಹಲಗೆಗಳು, ಸರ್ಫ್ ಬೋರ್ಡುಗಳು, ಅವನ ಹತ್ತಿರ ಇದ್ದವು. ಒಂದರ ಮೂತಿ ಒಡೆದಿತ್ತು. ಮರುದಿನ ನಾನು ಕೆಲಸದಲ್ಲಿದ್ದಾಗ ಯಶೋದ ನೇರವಾಗಿ ಹೋಗಿ ಅವನನ್ನು ಮಾತಾಡಿಸಿದ್ದಳು. ಸಂಜೆ ಮನೆಗೆ ಬಂದರೆ ಅವಳದು ಅದೇ ಮಾತು. ಅಣ್ಣ ಕಲಿಸಿಕೊಡುತ್ತಾನಂತೆ, ಒಡೆದ ಹಲಗೆ ಸರಿಮಾಡಿ ಕೊಡುತ್ತಾನಂತೆ, ಈಜು ಬಂದರೆ ಅರ್ಧ ಬಂದಂತೆಯಂತೆ.

ನಾನು "ಇಲ್ಲಿ ಬ್ಯಾಡ" ಎಂದೆ. "ಜೆಟ್ಟಿ ತಾವ ನಮ್ ಜನ ಎಲ್ಲ ಅವ್ರೆ. ನೀನು ಒದ್ದೆ ಬಟ್ಟೇಲಿ ಎದ್ದು ಬಂದ್ರೆ ನಾಳೆ ಕೆಲ್ಸದ ಜಾಗ್ದಾಗೆ ನಾನ್ ತಲೆ ಎತ್ತಕ್ಕಾಯ್ತದಾ?"

ಅವಳು ಕೋಪ ಮಾಡಿಕೊಳ್ಳಲಿಲ್ಲ. "ಹಂಗಾರೆ ಯಾರೂ ಇಲ್ದಿರೋ ತಾವ ಹುಡುಕು" ಎಂದಳು.

ಹೀಗೆ ಶುರುವಾಯಿತು ನಮ್ಮ ಅಲೆ ಹುಡುಕಾಟ. ಬೇರೆಯವರು ಅಲೆ ಚೆನ್ನಾಗಿದೆಯೇ ಎಂದು ಹುಡುಕುತ್ತಾರೆ. ನಾನು ಅಲ್ಲಿ ಯಾರೂ ಇಲ್ಲವೇ ಎಂದು ಹುಡುಕಿದೆ.

ಬಜಾರಿನ ದಿನಸಿ ಅಂಗಡಿಯವರ ಹತ್ತಿರ ಒಂದು ಹಳೆಯ ಸ್ಕೂಟರ್ ಇತ್ತು. ಉಪ್ಪುಗಾಳಿಗೆ ತುಕ್ಕು ಹಿಡಿದು ಅದರ ಬಣ್ಣ ಯಾವುದೆಂದೇ ತಿಳಿಯುತ್ತಿರಲಿಲ್ಲ. ಅವರ ಫ್ರಿಜ್ ರಿಪೇರಿ ಮಾಡಿಕೊಟ್ಟದ್ದಕ್ಕೆ ಭಾನುವಾರ ಭಾನುವಾರ ಸ್ಕೂಟರ್ ನಮ್ಮದಾಯಿತು. ಅಂತೋಣಿ ಒಡೆದ ಹಲಗೆಗೆ ಬಟ್ಟೆಯಂಥ ಫೈಬರ್ ಸುತ್ತಿ, ರೆಸಿನ್ ಬಳಿದು, ಬಿಸಿಲಿಗೆ ಒಣಗಿಸಿ ಕೊಟ್ಟ. ಯಶೋದ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು, ಹಲಗೆಯನ್ನು ಕಂಕುಳಲ್ಲಿ ಅವುಚಿಕೊಳ್ಳುತ್ತಿದ್ದಳು. ಗಾಳಿ ಅದಕ್ಕೆ ಬಡಿದರೆ ಸ್ಕೂಟರ್ ರಸ್ತೆಯ ಆ ಅಂಚಿಗೇ ಸರಿದುಹೋಗುತ್ತಿತ್ತು. "ನಿಧಾನ, ಬಾವ" ಎಂದು ನನ್ನ ಭುಜ ಹಿಡಿಯುತ್ತಿದ್ದಳು, ನಗುತ್ತಿದ್ದಳು.

ಎಂಥ ಅಲೆ ಬೇಕು ಎಂದು ಅಂತೋಣಿ ಮರಳಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ್ದ. ಉದ್ದಕ್ಕೂ ಒಟ್ಟಿಗೆ ಬೀಳುವ ಅಲೆ ಬೇಡ. ಒಂದು ತುದಿಯಿಂದ ಮುರಿಯಲು ಶುರುವಾಗಿ, ಸುತ್ತಿಟ್ಟ ಚಾಪೆ ಬಿಚ್ಚಿಕೊಂಡಂತೆ ಇನ್ನೊಂದು ತುದಿಗೆ ಹೋಗಬೇಕು. ಆ ಬಿಚ್ಚಿಕೊಳ್ಳುವ ಜಾಗದ ಮುಂದೆ ಮುಂದೆ ಹಲಗೆ ಓಡಬೇಕು. ನಾವು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ರಸ್ತೆಯಿಂದ ಸಮುದ್ರಕ್ಕೆ ಇಳಿಯುವ ಒಂದೊಂದು ಕಾಲುದಾರಿಯನ್ನೂ ನೋಡಿದೆವು.

ಎಂಟನೇ ಕಿಲೋಮೀಟರಿನಲ್ಲಿ ಅಲೆ ಗೋಡೆ ಕುಸಿದಂತೆ ಒಟ್ಟಿಗೆ ಬೀಳುತ್ತಿತ್ತು. ಯಶೋದ ಎರಡು ಸಲ ಒಳಗೆ ಹೋಗಿ ಎರಡು ಸಲವೂ ಮೂಗುಬಾಯಿಗೆ ಮರಳು ತುಂಬಿಕೊಂಡು ಬಂದಳು. ಹದಿನಾಲ್ಕರ ಬೀಚು ಚೆನ್ನಾಗಿತ್ತು, ಆದರೆ ಭಾನುವಾರ ಸಂಸಾರ ಸಮೇತ ಜನ ಅನ್ನ ಕಟ್ಟಿಕೊಂಡು ಬರುತ್ತಿದ್ದರು. ನಾನು ಸ್ಕೂಟರ್ ನಿಲ್ಲಿಸಲೇ ಇಲ್ಲ. ಇನ್ನೊಂದು ಕಡೆ, ತಾಳೆ ತೋಟದ ಕೆಸರುದಾರಿಯಲ್ಲಿ ಸ್ಕೂಟರ್ ತಳ್ಳಿಕೊಂಡು ಹೋದರೆ ಕಂಡದ್ದು ಹಳ್ಳದ ಬಾಯಿ, ಅದರ ಪಕ್ಕ ಮೊಸಳೆ ಇದೆ ಎಂಬ ಬೋರ್ಡು. ಯಶೋದ ಬೋರ್ಡು ಓದಿ, ಅಲೆ ನೋಡಿ, ಮತ್ತೆ ಬೋರ್ಡು ನೋಡಿ, "ಅಲೆ ಚಂದಾಗೈತೆ" ಎಂದಳು. ಅವಳನ್ನು ಕೈಹಿಡಿದು ಎಳೆದುಕೊಂಡು ಬಂದೆ. ಮತ್ತೊಂದು ಕಡೆ ನೀರಿಳಿದಾಗ ಹವಳದ ಕಲ್ಲು ಹೊರಬಿತ್ತು. ಅವಳ ಮೊಣಕಾಲು ಕೊಯ್ದು ರಕ್ತ ಬಂತು. ಅಲ್ಲೇ ಪಕ್ಕದ ಮನೆಯ ಬಂಗಾಳಿ ಹೆಂಗಸು ನಿಂಬೆಹಣ್ಣು ಹಿಂಡಿ ಗಾಯ ತೊಳೆದಳು. ಉರಿಗೆ ಯಶೋದಳ ಕಣ್ಣಲ್ಲಿ ನೀರು ಬಂತು. ನಾನು "ಸಾಕು ಬುಡು ಇನ್ನ" ಎಂದೆ. ಅವಳು ಗಾಯಕ್ಕೆ ಊದುತ್ತಾ, "ಇನ್ನ ಮುಂದ್ಗಡೆ ನೋಡಿಲ್ವಲ್ಲ" ಎಂದಳು.

ಮಾರ್ಚ್ ಮಧ್ಯದಲ್ಲಿ ಸಿಕ್ಕಿತು. ಪಾಳುಬಿದ್ದ ತೆಂಗಿನ ತೋಟವೊಂದರ ಆಚೆ, ಸುನಾಮಿಯಲ್ಲಿ ಮುರಿದ ಮನೆಗಳ ಅಡಿಪಾಯ ಮಾತ್ರ ಉಳಿದಿದ್ದ ಜಾಗ. ಅಲ್ಲಿ ಯಾರೂ ಮತ್ತೆ ಮನೆ ಕಟ್ಟಿರಲಿಲ್ಲ. ದಡ ಬಿಲ್ಲಿನಂತೆ ಬಾಗಿತ್ತು. ಅದರ ತೆಂಕಣ ಮೂಲೆಯಲ್ಲಿ ಅಲೆ ಎದ್ದು, ತುದಿ ಬಿಳಿಚಿ, ಅಲ್ಲಿಂದ ನಿಧಾನಕ್ಕೆ ಬಡಗಲಿಗೆ ಬಿಚ್ಚಿಕೊಳ್ಳುತ್ತಾ ಬಂತು. ಅಂತೋಣಿ ಮರಳಿನಲ್ಲಿ ಬರೆದಂತೆಯೇ. ನಾವಿಬ್ಬರೂ ನಿಂತು ಏಳೆಂಟು ಅಲೆ ನೋಡಿದೆವು. ಆಮೇಲೆ ಅವಳು ದುಪಟ್ಟಾ ತೆಗೆದು ನನ್ನ ಕೈಗೆ ಕೊಟ್ಟಳು. ಮೈಮೇಲೆ ನನ್ನ ತುಂಬುತೋಳಿನ ಟೀ ಶರ್ಟು, ನನ್ನದೇ ಹಳೆಯ ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದು.

ಮುಂದಿನ ವಾರದಿಂದ ಅಂತೋಣಿಯೂ ತನ್ನ ಸೈಕಲ್ಲಿನಲ್ಲಿ ಅಲ್ಲಿಗೆ ಬರತೊಡಗಿದ. ಅವಳನ್ನು ತಂಗಚ್ಚಿ, ತಂಗಿ ಎನ್ನುತ್ತಿದ್ದ, ನನ್ನನ್ನು ತಂಬಿ, ತಮ್ಮ. ಕತ್ತಿನವರೆಗೆ ನೀರಿನಲ್ಲಿ ನಿಂತು, ಸರಿಯಾದ ಅಲೆ ಬಂದಾಗ ಹಲಗೆಯನ್ನು ಹಿಂದಿನಿಂದ ತಳ್ಳಿ ಕೂಗುತ್ತಿದ್ದ. ಮೂರನೇ ಭಾನುವಾರ ಅವಳು ಎದ್ದು ನಿಂತಳು. ಎರಡು ಉಸಿರಿನಷ್ಟು ಹೊತ್ತು. ಐದನೇ ಭಾನುವಾರ, ಆ ಮೂಲೆಯಿಂದ ಈ ಮೂಲೆಗೆ, ಬಿಳಿ ನೊರೆಯ ಮುಂದೆ ಮುಂದೆ, ಮೊಣಕಾಲು ಬಗ್ಗಿಸಿ, ಕೈ ಚಾಚಿ ಬಂದಳು. ನಾನು ಒಂದು ಮುರಿದ ಅಡಿಪಾಯದ ಮೇಲೆ ಅವಳ ಟವೆಲ್ಲು, ಚಪ್ಪಲಿ ಇಟ್ಟುಕೊಂಡು ಕೂತಿದ್ದೆ. ಅವಳು ಹೊರಗೆ ಬಂದಾಗ ಅವಳ ಮುಖ ನನಗೆ ಗುರುತಿಲ್ಲದವರ ಮುಖದಂತಿತ್ತು. ಸಂತೋಷ ಅನ್ನುವುದು ಸಣ್ಣ ಮಾತು. ಆ ಮುಖದಲ್ಲಿ ನನಗೆ ಪಾಲಿರಲಿಲ್ಲ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅವತ್ತು ನನಗೆ ಅದು ಹಿಡಿಸಲಿಲ್ಲ. ಅವಳು ಹೋಗುವ ಜಾಗಕ್ಕೆ ನಾನು ಹೋಗಲಾರೆ ಅನ್ನುವುದು ಅವತ್ತೇ ನನಗೆ ಅರ್ಥವಾದದ್ದು.

"ನೋಡಿದ್ಯಾ ಬಾವ?"

"ನೋಡ್ದೆ."

"ಎಲ್ಲಿಂದ ಎಲ್ಲಿಗಂಟ ಬಂದೆ ಹೇಳು."

ಕೈ ತೋರಿಸಿ ಹೇಳಿದೆ. ಅವಳು ಮತ್ತೆ ಓಡಿದಳು.

ಏಪ್ರಿಲ್ ಕೊನೆಯಲ್ಲಿ ನಮ್ಮ ತಂಡದ ಪೆರುಮಾಳ್ ಇನ್ನಿಬ್ಬರ ಜೊತೆ ಗಾಳ ಹಾಕಲು ಆ ಕಡೆ ಬಂದಿದ್ದನಂತೆ. ನಮಗೆ ಕಾಣಿಸಲಿಲ್ಲ. ಸೋಮವಾರ ಬೆಳಿಗ್ಗೆ ತಾಮ್ರದ ಪೈಪಿಗೆ ಬೆಸುಗೆ ಹಾಕುತ್ತಿದ್ದೆ. ಅವನು ಫೋನು ತೆಗೆದು ಎಲ್ಲರಿಗೂ ತೋರಿಸಿದ. ದೂರದಿಂದ ತೆಗೆದ ವಿಡಿಯೊ. ಯಶೋದ ಹಲಗೆಯ ಮೇಲಿಂದ ಬಿದ್ದು, ಎದ್ದು, ಮೈಗೆ ಅಂಟಿದ ಬಟ್ಟೆಯಲ್ಲಿ ದಡಕ್ಕೆ ಬರುವುದು. "ಅಣ್ಣ, ನಿನ್ ಹೆಂಡ್ತಿ ಹೀರೋಯಿನ್ ಆಗ್ಬುಟ್ಲು. ನೀನ್ ಟವಲ್ ಹಿಡ್ಕಂಡ್ ಕುಂತಿದ್ದೂ ಬಂದೈತೆ ನೋಡು" ಎಂದ. ಎಲ್ಲರೂ ನಕ್ಕರು. ಕೆಟ್ಟ ನಗು ಏನಲ್ಲ. ಅವರು ಯಾವುದಕ್ಕೂ ಹಾಗೇ ನಗುವವರು. ನಾನೂ ನಕ್ಕೆ. ಕೈಯಲ್ಲಿದ್ದ ಬೆಸುಗೆ ಕೆಟ್ಟಿತು. ಅದನ್ನು ಕತ್ತರಿಸಿ ಮತ್ತೆ ಮಾಡಬೇಕಾಯಿತು.

ಆ ವಾರವೇ ಅಂತೋಣಿ ನನ್ನನ್ನು ತನ್ನ ಗುಡಿಸಲಿಗೆ ಕರೆದ. ಒಂದು ದೋಣಿಯ ತಳಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದ. ಕೂರಲು ಡಬ್ಬ ಕೊಟ್ಟ. ಅವನ ಮಗಳು ಊರಿನಲ್ಲಿ ಹುಡುಗಿಯರಿಗೆ ಅಲೆಹಲಗೆ ಕಲಿಸುತ್ತಾಳೆ. ಪ್ರತಿವರ್ಷ ಪಂದ್ಯಗಳಿಗೆ ಮೊದಲು ನಾಲ್ಕೈದು ಜನರನ್ನು ಎರಡು ತಿಂಗಳು ತಮ್ಮ ಮನೆಯಲ್ಲೇ ಇಟ್ಟುಕೊಂಡು ತಯಾರು ಮಾಡುತ್ತಾಳೆ. ಯಶೋದಳ ವಿಷಯ ಅವಳಿಗೆ ಹೇಳಿದ್ದಾನೆ, ಕಳಿಸಿ ಎಂದಿದ್ದಾಳೆ. "ಇಲ್ಲಿಂದ ವಾಪಸ್ಸು ಹೋಗುವಾಗ ಅವಳನ್ನು ಅಲ್ಲಿ ಬಿಟ್ಟು ಹೋಗು ತಂಬಿ. ನನ್ನ ಹೆಂಡತಿ ಇದ್ದಾಳೆ ಮನೆಯಲ್ಲಿ. ಮೊದಲು ನಿನ್ನನ್ನು ಕೇಳುವುದು ಮರ್ಯಾದೆ ಅಂತ ತಂಗಚ್ಚಿಗೆ ಇನ್ನೂ ಹೇಳಿಲ್ಲ" ಎಂದ.

ಆಮೇಲೆ ಯಶೋದಳ ಬಗ್ಗೆ ಒಂದು ಮಾತು ಹೇಳಿದ. ಅವಳ ಕಾಲಿಗೆ ಅಲೆ ಮೊದಲೇ ಗೊತ್ತಿದೆ, ತಾನು ಕಲಿಸಿದ್ದು ಏನೂ ಇಲ್ಲ, ಇಂಥವರನ್ನು ತನ್ನ ಮಗಳ ನಂತರ ನೋಡಿರಲಿಲ್ಲ ಎನ್ನುವ ಅರ್ಥದ ಮಾತು. ಹೇಳುವಾಗ ಉಜ್ಜುವುದನ್ನು ನಿಲ್ಲಿಸಿದ್ದ.

ಕೇಳಿ ಹೇಳುತ್ತೇನೆ ಎಂದು ಎದ್ದು ಬಂದೆ. ಮನೆಗೆ ಹೋದಾಗ ಯಶೋದ ಮೀನಿನ ಸಾರು ಮಾಡುತ್ತಿದ್ದಳು. ಅಲ್ಲಿಯ ಬಂಗಾಳಿ ಹೆಂಗಸಿನಿಂದ ಕಲಿತ ಸಾಸಿವೆ ಹಾಕಿದ ಸಾರು. ಒಗ್ಗರಣೆಯ ಹೊಗೆಗೆ ಕೆಮ್ಮುತ್ತಾ, "ಎಲ್ಲೋಗಿದ್ದೆ?" ಎಂದಳು. "ಗ್ಯಾಸ್ ಸಿಲಿಂಡರ್ ಬಂತಾ ನೋಡಕ್ಕೆ" ಎಂದೆ. ಅಷ್ಟೇ. ಹೇಳಬೇಕು ಎಂದು ಒಳಗೆ ಬಂದವನು ಹೇಳಲಿಲ್ಲ. ಊಟ ಮಾಡಿದೆ, ಸಾರು ಚೆನ್ನಾಗಿದೆ ಎಂದೆ. ನಾಳೆ ಹೇಳೋಣ ಎಂದುಕೊಂಡೆ. ಎರಡು ತಿಂಗಳು ಯಾರದೋ ಮನೆಯಲ್ಲಿ ಹೆಂಡತಿಯನ್ನು ಬಿಟ್ಟು ಬಂದೆ ಎಂದು ಅವಲಪಲ್ಲಿಯಲ್ಲಿ ಅಮ್ಮನಿಗೆ ಹೇಗೆ ಹೇಳಲಿ, ಅತ್ತೆಗೆ ಹೇಗೆ ಹೇಳಲಿ ಎಂದು ಲೆಕ್ಕ ಹಾಕಿದೆ. ಎಲ್ಲ ಲೆಕ್ಕದ ತಳದಲ್ಲಿ ಇದ್ದದ್ದು ಪೆರುಮಾಳನ ಫೋನು, ಮತ್ತೆ ನೀರಿನಿಂದ ಎದ್ದು ಬಂದಾಗಿನ ಅವಳ ಆ ಮುಖ.

ಮರುದಿನ ಅಂತೋಣಿಗೆ ಹೇಳಿದೆ. "ಕೇಳಿದೆ ಅಣ್ಣ. ಅವಳಿಗೆ ಇಷ್ಟ ಇಲ್ಲವಂತೆ. ಇಲ್ಲಿ ಆಟಕ್ಕೆ ಸರಿ, ಅದೆಲ್ಲ ಬೇಡ ಅಂತಾಳೆ."

ಅವನು ನನ್ನ ಮುಖ ನೋಡಿದ. "ಅವಳೇ ಅಂದಳಾ?"

"ಅವಳೇ."

"ಸರಿ ತಂಬಿ" ಎಂದು ಮತ್ತೆ ಉಜ್ಜಲು ಶುರುಮಾಡಿದ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದೆ ಆದದ್ದನ್ನು ನಾನು ಎಣಿಸಿರಲಿಲ್ಲ. ಅಂತೋಣಿ ಒಳ್ಳೆಯವನು, ಬೇಡ ಎಂದವಳನ್ನು ಒತ್ತಾಯ ಮಾಡಬಾರದು ಎಂದು ಅವಳೆದುರು ಆ ಮಾತೇ ಎತ್ತಲಿಲ್ಲ. ಆದರೆ ಅವನ ಉತ್ಸಾಹ ಇಳಿದಿತ್ತು. ಮುಂದಿನ ಭಾನುವಾರ ತಡವಾಗಿ ಬಂದ. ನೀರಿಗಿಳಿಯಲಿಲ್ಲ, ದಡದಲ್ಲೇ ನಿಂತು ನೋಡಿದ. ಹಲಗೆ ತಿರುಗಿಸುವಾಗ ಕಾಲು ಹೇಗೆ ಇಡಬೇಕು ಎಂದು ಅವಳು ಕೇಳಿದ್ದಕ್ಕೆ, "ಇಷ್ಟು ಗೊತ್ತಾದರೆ ಸಾಕು ತಂಗಚ್ಚಿ, ನಿನಗೆ ಸಾಕು" ಎಂದ. ಅದರ ಮುಂದಿನ ವಾರ ಹದಿನಾರನೇ ಕಿಲೋಮೀಟರಿನ ಶಾಲೆಯ ಹುಡುಗಿಯೊಬ್ಬಳನ್ನು ಕರೆದುಕೊಂಡು ಬಂದ. ಸರಿಮಾಡಿದ ಹಲಗೆಯನ್ನು ಯಶೋದಳಿಂದ ಇಸಕೊಂಡು ಅವಳಿಗೆ ಕೊಟ್ಟ. ಯಶೋದ ಮಧ್ಯಾಹ್ನದವರೆಗೂ ನನ್ನ ಪಕ್ಕ ಅಡಿಪಾಯದ ಮೇಲೆ ಕೂತಿದ್ದಳು. ಆ ಹುಡುಗಿ ಬಿದ್ದಾಗ ನಗಲಿಲ್ಲ, ಎದ್ದಾಗ ಚಪ್ಪಾಳೆ ತಟ್ಟಿದಳು.

ವಾಪಸ್ಸು ಬರುವಾಗ ಹಲಗೆ ಇಲ್ಲದ್ದರಿಂದ ಸ್ಕೂಟರ್ ನೆಟ್ಟಗೆ ಓಡುತ್ತಿತ್ತು. ಅವಳು ಹಿಂದಿನಿಂದ ಹೇಳಿದಳು.

"ನಂಗೆ ಬರಾಕಿಲ್ಲ ಅಂತ ಅಣ್ಣಂಗೆ ತಿಳ್ದೋಯ್ತು ಅನ್ನಿಸ್ತೈತೆ ಬಾವ."

ಆಗಲಾದರೂ ಸ್ಕೂಟರ್ ನಿಲ್ಲಿಸಬಹುದಿತ್ತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಎರಡು ಮಾತು ಸಾಕಿತ್ತು. ನಾನು ಹೇಳಿದ್ದು ಬೇರೆ.

"ಬುಡು. ಅದೇನ್ ನಮ್ಗೆ ಊಟ ಹಾಕ್ತೈತಾ?"

ಅವಳು ಮತ್ತೆ ಆ ವಿಷಯ ಎತ್ತಲಿಲ್ಲ. ಅಂತೋಣಿಗೆ ಹೇಳಿದ ಸುಳ್ಳಿಗಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿದೆ. ಆ ಸುಳ್ಳು ಹೆದರಿಕೆಯಿಂದ ಬಂದದ್ದು. ಇದು ಅವಳು ತನ್ನನ್ನೇ ಕೀಳುಮಾಡಿಕೊಳ್ಳುತ್ತಿದ್ದಾಗ ನನಗೆ ಅನುಕೂಲವಾಯಿತು ಎಂದು ಬಂದದ್ದು.

ಮೇ ಮಧ್ಯದಲ್ಲಿ ಮಳೆ ಹಿಡಿಯಿತು. ಸಮುದ್ರ ಬೂದಿಬಣ್ಣಕ್ಕೆ ತಿರುಗಿತು. ಶೀತಲ ಕೋಣೆ ಓಡಲು ಶುರುವಾಯಿತು. ಮೊದಲ ದಿನ ಅದರೊಳಗೆ ಹೋಗಿ ಉಷ್ಣಮಾಪಕ ನೋಡಿ ಎಲ್ಲರೂ ಕೈಕುಲುಕಿದರು. ಹಡಗು ಹತ್ತುವ ದಿನ ಅಂತೋಣಿ ಜೆಟ್ಟಿಗೆ ಬಂದಿದ್ದ. ಯಶೋದಳಿಗೆ ಒಣಮೀನಿನ ಪೊಟ್ಟಣ ಕೊಟ್ಟು ತಲೆ ಮುಟ್ಟಿದ. ಅವಳು ಕಾಲಿಗೆ ನಮಸ್ಕಾರ ಮಾಡಿದಳು, ಆದರೆ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಅವನ ಮುಖ ಅವತ್ತು ಹೇಗಿತ್ತು ಎಂದು ನಮ್ಮಿಬ್ಬರಿಗೂ ಗೊತ್ತಿಲ್ಲ.

ಊರಿಗೆ ಬಂದ ಮೇಲೆ ಬದುಕು ತನ್ನ ಪಾಡಿಗೆ ನಡೆಯಿತು. ನನಗೆ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಯಿತು. ಮತ್ತಿಗಿರಿಯಲ್ಲಿ ಮನೆ ಮಾಡಿದೆವು. ಯಶೋದ ಗುಲಾಬಿ ಬೆಳೆಯುವ ಗ್ರೀನ್‌ಹೌಸಿನಲ್ಲಿ ಹೂ ವಿಂಗಡಿಸುವ ಕೆಲಸಕ್ಕೆ ಸೇರಿ ಈಗ ಇಪ್ಪತ್ತು ಹೆಂಗಸರ ಮೇಲೆ ಮೇಸ್ತ್ರಿ. ಮಗಳು ಚಂದನಳಿಗೆ ಆರು ವರ್ಷ. ನಾವು ಚೆನ್ನಾಗಿಯೇ ಇದ್ದೇವೆ. ಯಾರಾದರೂ ಅಂಡಮಾನಿನ ಮಾತೆತ್ತಿದರೆ ಯಶೋದ ಸಾಸಿವೆ ಹಾಕಿದ ಮೀನು, ಬೋರ್ಡಿನ ಮೊಸಳೆ, ಸ್ಕೂಟರಿನ ತುಕ್ಕು ಎಲ್ಲ ಹೇಳಿ ನಗಿಸುತ್ತಾಳೆ. ಅಲೆಯ ಮಾತು ಬಂದರೆ, "ಒಂದೆರಡು ಸಲ ನೋಡ್ದೆ, ನಂಗೆ ಬರ್ಲಿಲ್ಲ" ಎಂದು ಮುಗಿಸುತ್ತಾಳೆ. ಅತ್ತೆಯ ಮನೆಗೆ ಹೋದಾಗಲೂ ಅವಳು ಬಾವಿಗೆ ಇಳಿದದ್ದನ್ನು ನಾನು ಮತ್ತೆ ನೋಡಿಲ್ಲ. ಮೊದಮೊದಲು ನೆಗಡಿ, ಆಮೇಲೆ ಬಸುರಿ, ಆಮೇಲೆ ಮಗು. ಕಾರಣ ಯಾವತ್ತೂ ಇರುತ್ತಿತ್ತು.

ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ ಒಂದು ಈಜುಕೊಳ ಶುರುವಾಗಿದೆ. ಭಾನುವಾರ ಬೆಳಿಗ್ಗೆ ಸಣ್ಣ ಮಕ್ಕಳಿಗೆ ಪಾಠ. ಚಂದನಳನ್ನು ಸೇರಿಸಿದೆವು. ರೆಸಿನ್ನಿನ ವಾಸನೆ ಮೂಗಿಗೆ ಬಡಿದ ವಾರದ ಭಾನುವಾರವೇ ಅವಳ ಮೊದಲ ಪಾಠ. ಕಲಿಸುವ ಹುಡುಗಿ, ಮಕ್ಕಳು ಹೆದರುತ್ತವೆ, ಈಜು ಬರುವ ತಾಯಂದಿರು ಜೊತೆಗೆ ಇಳಿಯಬಹುದು ಎಂದಳು. ಇಬ್ಬರು ಇಳಿದರು. ಚಂದನ ಅಂಚಿನಲ್ಲಿ ನಿಂತು, "ಅಮ್ಮ ಬಾ" ಎಂದು ಅಳತೊಡಗಿದಳು.

"ನಿಮಗೆ ಈಜು ಬರುತ್ತಾ ಅಕ್ಕ?" ಎಂದಳು ಆ ಹುಡುಗಿ.

"ಇಲ್ಲಮ್ಮ" ಎಂದಳು ಯಶೋದ. "ನಂಗೆ ಅದೆಲ್ಲ ಬರಾಕಿಲ್ಲ."

ಬಾವಿಯ ಕಟ್ಟೆಯಿಂದ ಧುಮುಕುತ್ತಿದ್ದವಳು ಹೇಳಿದ ಮಾತು ಅದು. ನಾಚಿಕೆಗೆ ಹೇಳಿದ್ದಲ್ಲ. ನಿಜವೆಂದೇ ನಂಬಿ ಹೇಳಿದ್ದಳು.

ತಗಡಿನ ಮಾಡಿನ ಕೆಳಗೆ ಬೆಂಚಿನ ಮೇಲೆ ಬಂದು ನನ್ನ ಪಕ್ಕ ಕೂತಳು. ಅಲ್ಲೇ ಹೇಳಿದೆ. ಅಂತೋಣಿ ಕರೆದದ್ದು, ಅವಳ ಬಗ್ಗೆ ಒಂದು ಮಾತು ಅಂದದ್ದು, ಅವನ ಮಗಳು, ಎರಡು ತಿಂಗಳು, ನಾನು ಹೇಳಿದ ಸುಳ್ಳು, ಅವನು ಹಲಗೆ ಇಸಕೊಂಡದ್ದು ಯಾಕೆ ಎನ್ನುವುದು. ಪೆರುಮಾಳನ ಫೋನಿನ ವಿಷಯವನ್ನೂ ಬಿಡಲಿಲ್ಲ. ಹೇಳುವುದಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಅಷ್ಟು ಸಣ್ಣ ವಿಷಯವನ್ನು ಒಂಬತ್ತು ವರ್ಷ ಹೊತ್ತುಕೊಂಡಿದ್ದೆ.

ಅವಳು ಕೊಳದ ಕಡೆಯೇ ನೋಡುತ್ತಿದ್ದಳು. ಆ ಹುಡುಗಿ ಚಂದನಳ ಹೊಟ್ಟೆಯ ಕೆಳಗೆ ಕೈಕೊಟ್ಟು ತೇಲಿಸುತ್ತಿದ್ದಳು.

"ಆ ಅಣ್ಣನ ಮ್ಯಾಲೆ ಕ್ವಾಪ ಇಟ್ಕಂಡಿದ್ದೆ ನಾನು" ಎಂದಳು ಕೊನೆಗೆ. "ಒಣಮೀನು ಕೊಟ್ರೂ ಮುಖ ನೋಡ್ಲಿಲ್ಲ."

"ತಪ್ಪಾಯ್ತು" ಎಂದೆ.

"ನೀನು ಕೇಳಿದ್ದಿದ್ರೆ ನಾನೇ ಒಲ್ಲೆ ಅಂತಿದ್ನೇನೋ ಬಾವ. ಗೊತ್ತಿಲ್ದಿರೋ ಊರು, ಗೊತ್ತಿಲ್ದಿರೋ ಜನ. ಆಗ ನಂಗೂ ಅಷ್ಟು ಧೈರ್ಯ ಇರ್ಲಿಲ್ಲ." ಮಗಳ ಬಟ್ಟೆ ಮಡಚುತ್ತಾ ಹೇಳಿದಳು. "ಒಲ್ಲೆ ಅನ್ನಾದನ್ನೂ ನೀನೇ ಅಂದ್ಬುಟ್ಟೆ."

ಅವಳು ಈಗ ಎದ್ದು ಹೋಗಿ ನೀರಿಗೆ ಇಳಿಯುತ್ತಾಳೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಇಳಿಯಲಿ ಎಂದು ಕಾದೆ. ಇಳಿದರೆ ನನ್ನ ತಪ್ಪು ಅರ್ಧ ಇಳಿಯುತ್ತದೆ ಎನ್ನುವ ಆಸೆ. ಅವಳು ಏಳಲಿಲ್ಲ. ಪಾಠ ಮುಗಿಯುವವರೆಗೂ ಮಡಿಲಲ್ಲಿ ಮಗಳ ಬಟ್ಟೆ ಇಟ್ಟುಕೊಂಡು ಕೂತೇ ಇದ್ದಳು.

ಮನೆಗೆ ಬಂದ ಮೇಲೆ ಅವಳೇ ಹೇಳಿ ಫೋನು ಮಾಡಿಸಿದಳು. ಶೀತಲ ಕೋಣೆಯ ಗುಮಾಸ್ತರ ನಂಬರು ನನ್ನ ಹತ್ತಿರ ಇತ್ತು. ಅವರಿಗೆ ನನ್ನ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಂತೋಣಿ ಕಣ್ಣು ಮಂಜಾಗಿ ದೋಣಿ ಕೆಲಸ ಬಿಟ್ಟು ಊರಿಗೆ ಹೋಗಿ ನಾಲ್ಕು ವರ್ಷವಾಯಿತು, ಯಾವ ಊರು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ, ನಂಬರೂ ಇಲ್ಲ ಎಂದರು. ಅದನ್ನು ಅವಳಿಗೆ ಹೇಳಿದೆ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಬಹಳ ಹೊತ್ತು ಬಿಡಿಸಿದಳು.

"ಅವ್ನು ನನ್ ಬಗ್ಗೆ ಏನೋ ಅಂದ ಅಂದ್ಯಲ್ಲ" ಎಂದಳು. "ಏನದು?"

ಹೇಳಿದೆ. ಕಾಲಿಗೆ ಅಲೆ ಮೊದಲೇ ಗೊತ್ತಿದೆ, ತನ್ನ ಮಗಳ ನಂತರ ಇಂಥವರನ್ನು ನೋಡಿಲ್ಲ ಎಂದ, ಎಂದೆ.

"ಅರ್ಥ ಬ್ಯಾಡ. ತಮಿಳ್ನಾಗೆ ಹೇಳು. ಅವ್ನು ಹೆಂಗಂದ ಹಂಗೇ ಹೇಳು."

ಬಾಯಿ ತೆರೆದೆ. ಅವನದು ನಾವು ಶಾಲೆಯಲ್ಲಿ ಕಲಿತ ತಮಿಳಲ್ಲ, ಕಡಲಿನವರ ತಮಿಳು. ದೋಣಿಯ, ನೀರಿನ ಮಾತುಗಳು ಅದರಲ್ಲಿ ಸೇರಿರುತ್ತಿದ್ದವು. ಮೊದಲ ಒಂದು ಪದ ಬಂತು. ಆಮೇಲೆ ಏನೂ ಬರಲಿಲ್ಲ. ಇಷ್ಟು ವರ್ಷ ಆ ಮಾತು ಅವಳ ಕಿವಿಗೆ ಬೀಳದಂತೆ ನೋಡಿಕೊಂಡವನು ನಾನು. ಈಗ ನನ್ನ ಹತ್ತಿರವೂ ಅದು ಇಲ್ಲ.

ಯಶೋದ ಕೈಯಲ್ಲಿ ಸೊಪ್ಪಿನ ಕಡ್ಡಿ ಹಿಡಿದುಕೊಂಡು ಕಾದಳು. ಅವಳು ನನ್ನನ್ನು ಅಷ್ಟು ಹೊತ್ತು ನೇರವಾಗಿ ನೋಡಿದ್ದು ಅವತ್ತಿನ ದಿನದಲ್ಲಿ ಅದೇ ಮೊದಲು.

"ಗ್ಯಾಪ್ಕ ಬಂದಾಗ ಹೇಳು" ಎಂದು ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಇನ್ನೂ ಬಂದಿಲ್ಲ.